ಹಳೇ ಬ್ಲಾಕು, ಹೊಸ ಕ್ವಿಲ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕ್ವಿಲ್ಟ್ ಹೊಲಿಯುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಕೆಲವು ಕತ್ತರಿ, ಸೂಜಿ, ಅಳತೆಯ ಪ್ರಶ್ನೆಗಳು. ಇನ್ನು ಕೆಲವು ಇತಿಹಾಸದವು. ನನಗೆ ಇವೆರಡೂ ಬೇರೆ ಬೇರೆ ಅನ್ನಿಸುವುದಿಲ್ಲ. ಒಂದು ಬ್ಲಾಕು ಎಲ್ಲಿಂದ ಬಂತು, ಯಾಕೆ ಹಾಗಿದೆ ಎಂದು ತಿಳಿದವರಿಗೆ ಅದರಲ್ಲಿ ಏನನ್ನು ಬದಲಾಯಿಸಬಹುದು, ಏನನ್ನು ಹಾಗೇ ಬಿಡಬೇಕು ಎಂಬುದೂ ಬೇಗ ಕಾಣುತ್ತದೆ.

ಕ್ವಿಲ್ಟ್ ಅಂದರೆ ತುಂಡು ಬಟ್ಟೆ ಜೋಡಿಸಿದ ಹೊದಿಕೆ, ಅಷ್ಟೇ ಅಲ್ವಾ?

ತುಂಡು ಜೋಡಿಸುವುದು ಅರ್ಧ ಕೆಲಸ. ಕ್ವಿಲ್ಟಿಗೆ ಮೂರು ಪದರ. ಮೇಲೆ ವಿನ್ಯಾಸದ ಪದರ, ನಡುವೆ ಬೆಚ್ಚಗಿಡುವ ಹತ್ತಿ ಅಥವಾ ಉಣ್ಣೆಯ ಹಾಸು, ಕೆಳಗೆ ಅಸ್ತರು. ನಡುವಿನ ಈ ಹಾಸನ್ನು ಬ್ಯಾಟಿಂಗ್ ಎನ್ನುತ್ತಾರೆ. ಮೂರನ್ನೂ ಸೇರಿಸಿ ಹಾಕುವ ಹೊಲಿಗೆಯೇ ಕ್ವಿಲ್ಟಿಂಗ್. ಮೇಲಿನ ಪದರಕ್ಕೆ ತುಂಡು ಜೋಡಿಸುವುದಕ್ಕೆ ಪೀಸಿಂಗ್ ಎಂದು ಬೇರೆ ಹೆಸರಿದೆ. ಒಂದೂ ತುಂಡು ಜೋಡಿಸದೆ ಇಡೀ ಬಟ್ಟೆಯಲ್ಲೇ ಮಾಡಿದ ಕ್ವಿಲ್ಟುಗಳೂ ಇವೆ. ಕೌದಿ ನೋಡಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದರಗಳನ್ನು ಹಿಡಿದಿಡುವ ಆ ಹೊಲಿಗೆ ಇಲ್ಲದಿದ್ದರೆ ಒಂದೇ ಒಗೆತಕ್ಕೆ ಒಳಗಿನದೆಲ್ಲ ಮುದ್ದೆಯಾಗುತ್ತದೆ.

ಹಾಗಾದರೆ ಬ್ಲಾಕ್ ಅಂದರೆ ಏನು?

ಬ್ಲಾಕ್ ಅಂದರೆ ಕ್ವಿಲ್ಟಿನ ಒಂದು ಚೌಕ. ಅದನ್ನು ಮೊದಲು ಬಿಡಿಯಾಗಿ ಹೊಲಿದು, ಅಂಥವನ್ನು ಸಾಲಾಗಿ ಜೋಡಿಸಿ ದೊಡ್ಡದು ಮಾಡುತ್ತಾರೆ. ಬಹುತೇಕ ಹಳೇ ಬ್ಲಾಕುಗಳ ಒಳಗೆ ಒಂದು ಚೌಕಳಿ ಅಡಗಿರುತ್ತದೆ. ಎರಡಕ್ಕೆರಡು ಮನೆ ಇದ್ದರೆ ಫೋರ್ ಪ್ಯಾಚ್, ಮೂರಕ್ಕೆ ಮೂರು ಇದ್ದರೆ ನೈನ್ ಪ್ಯಾಚ್. ಪ್ರತಿ ಮನೆಯಲ್ಲಿ ಚೌಕ, ತ್ರಿಕೋನ ಅಥವಾ ಪಟ್ಟಿ ಕೂರುತ್ತದೆ. ಬ್ಲಾಕ್ ನೋಡಿದಾಗ ಮೊದಲು ಈ ಚೌಕಳಿಯನ್ನು ಹುಡುಕಿ. ಅದು ಸಿಕ್ಕರೆ ಅಳತೆ ಪಟ್ಟಿ ಇಲ್ಲದೆಯೂ ಯಾವ ಬ್ಲಾಕನ್ನಾದರೂ ನೀವೇ ಬಿಡಿಸಿಕೊಳ್ಳಬಹುದು.

18ನೇ ಶತಮಾನದ ಅಮೆರಿಕದಲ್ಲಿ ಕ್ವಿಲ್ಟುಗಳು ಹೀಗಿರಲಿಲ್ಲ. ಒಂದೇ ಬಟ್ಟೆಯವು, ಇಲ್ಲವೇ ನಡುವೆ ಒಂದು ದೊಡ್ಡ ಚಿತ್ರ ಇಟ್ಟು ಸುತ್ತ ಅಂಚಿನ ಮೇಲೆ ಅಂಚು ಕಟ್ಟಿದವು ಜಾಸ್ತಿ. 1840ರ ದಶಕದ ಹೊತ್ತಿಗೆ ಬ್ಲಾಕುಗಳದ್ದೇ ಕಾಲವಾಯಿತು. ಕಾರಣ ಯೋಚಿಸಿದರೆ ಸುಲಭವಾಗಿ ಅರ್ಥವಾಗುತ್ತದೆ. ಇಡೀ ಹೊದಿಕೆಯನ್ನು ಒಟ್ಟಿಗೆ ಹರಡಿಕೊಂಡು ಕೂರಲು ಜಾಗ ಬೇಕು, ಬಿಡುವೂ ಬೇಕು. ಬ್ಲಾಕಾದರೆ ಮಡಿಲಲ್ಲೇ ಹಿಡಿಸುತ್ತದೆ. ಅರ್ಧ ಗಂಟೆ ಸಿಕ್ಕರೆ ಒಂದೆರಡು ಹೊಲಿಗೆ ಮುಗಿಯುತ್ತದೆ. ಹತ್ತು ಜನ ಹತ್ತು ಬ್ಲಾಕ್ ಹೊಲಿದು ಕೊಟ್ಟರೆ ದೂರ ಹೊರಟ ಗೆಳತಿಗೆ ಒಂದು ಕ್ವಿಲ್ಟ್ ಸಿದ್ಧ. ಆ ಕಾಲದ ಎಷ್ಟೋ ಬ್ಲಾಕುಗಳ ನಡುವೆ ಶಾಯಿಯಲ್ಲಿ ಹೆಸರು ಬರೆದಿದೆ. ಬಾಲ್ಟಿಮೋರ್ ಊರಿನ ಆಲ್ಬಮ್ ಕ್ವಿಲ್ಟುಗಳು ಇದಕ್ಕೆ ತುಂಬಾ ಹೆಸರುವಾಸಿ.

ಇದು ಅಮೆರಿಕದಲ್ಲೇ ಹುಟ್ಟಿದ್ದಾ?

ಇಲ್ಲ. ಆದರೆ ಬ್ಲಾಕುಗಳ ಇಷ್ಟು ದೊಡ್ಡ ಕುಟುಂಬ ಬೆಳೆದದ್ದು ಅಲ್ಲೇ. ಇಂಗ್ಲೆಂಡಿನಲ್ಲಿ 1718 ಎಂದು ಇಸವಿಯನ್ನೇ ಬಟ್ಟೆಯಲ್ಲಿ ಜೋಡಿಸಿದ ಒಂದು ರೇಷ್ಮೆ ಹೊದಿಕೆ ಇದೆ. ಕಾಗದದ ಅಚ್ಚಿನ ಮೇಲೆ ಬಟ್ಟೆ ಮಡಚಿ, ಚೌಕ ಚೌಕವಾಗಿ ಜೋಡಿಸಿದ್ದು. ಕಾಗದದ ಮೇಲೆ ಮಡಚಿ ಹೊಲಿಯುವ ಆ ಕ್ರಮವನ್ನು ಷಡ್ಭುಜ ಜೋಡಿಸುವವರು ಇವತ್ತಿಗೂ ಬಳಸುತ್ತಾರೆ.

ಬಟ್ಟೆಯ ಕತೆ ಇನ್ನೂ ಹಿಂದಕ್ಕೆ, ಭಾರತಕ್ಕೆ ಹೋಗುತ್ತದೆ. ಭಾರತದಿಂದ ಹೋದ, ಬಣ್ಣ ಬಿಡದ, ಹೂವಿನ ಚಿತ್ರದ ಛೀಂಟ್ ಎಂಬ ಹತ್ತಿ ಬಟ್ಟೆಗೆ ಯುರೋಪ್ ಮರುಳಾಗಿತ್ತು. ಅಲ್ಲಿನ ನೇಕಾರರಿಗೆ ಪೆಟ್ಟು ಬಿದ್ದು 1686ರಲ್ಲಿ ಫ್ರಾನ್ಸ್, 1721ರಲ್ಲಿ ಇಂಗ್ಲೆಂಡ್ ಅದನ್ನು ತಡೆಯಲು ಕಾನೂನು ತಂದವು. ಬೆಲೆಬಾಳುವ ಆ ಬಟ್ಟೆಯ ಒಂದು ಹೂವೂ ವ್ಯರ್ಥವಾಗಬಾರದು ಎಂದು ಹೂ, ಹಕ್ಕಿಗಳನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹೊಲಿಯುತ್ತಿದ್ದರು. ಅಮೆರಿಕದ ಮೊದಮೊದಲ ಕ್ವಿಲ್ಟುಗಳಲ್ಲಿ ಈ ಕೆಲಸ ಚೆನ್ನಾಗಿ ಕಾಣುತ್ತದೆ.

ಆಮೇಲೆ ಬಟ್ಟೆ ಅಗ್ಗವಾಯಿತು. 1790ರಲ್ಲಿ ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಯಂತ್ರದಿಂದ ನೂಲು ತೆಗೆಯಲು ಶುರು ಮಾಡಿದರು. 1793ರಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಎಲೈ ವಿಟ್ನಿಯ ಯಂತ್ರ ಬಂತು. ಅದರ ಜೊತೆಗೇ ದಕ್ಷಿಣದ ಹತ್ತಿ ಹೊಲಗಳಲ್ಲಿ ಗುಲಾಮಗಿರಿ ಇನ್ನಷ್ಟು ಹರಡಿತು. ಬ್ಲಾಕ್ ಕ್ವಿಲ್ಟುಗಳ ಸುಗ್ಗಿಕಾಲದ ಅಗ್ಗದ ಹತ್ತಿಯ ಹಿಂದೆ ಈ ಜನರ ದುಡಿಮೆ ಇದೆ. ಇದನ್ನು ಬಿಟ್ಟು ಕ್ವಿಲ್ಟಿನ ಇತಿಹಾಸ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಒಂದೇ ಬ್ಲಾಕಿಗೆ ನಾಲ್ಕೈದು ಹೆಸರು ಯಾಕೆ?

ಬ್ಲಾಕು ಕೈಯಿಂದ ಕೈಗೆ ದಾಟಿತು, ಹೆಸರು ದಾಟಲಿಲ್ಲ. ಹೋದ ಕಡೆಯಲ್ಲಿ ಜನ ತಮ್ಮ ಕಣ್ಣಿಗೆ ಕಂಡದ್ದನ್ನು ಕರೆದರು. ನನಗೆ ತುಂಬಾ ಇಷ್ಟವಾದ ಉದಾಹರಣೆಯನ್ನು 1929ರಲ್ಲಿ ರೂತ್ ಫಿನ್ಲಿ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಕಾಡಿನ ಅಂಚಿನಲ್ಲಿದ್ದ ಒಹಾಯೊ ಮತ್ತು ಪಶ್ಚಿಮ ಪೆನ್ಸಿಲ್ವೇನಿಯಾದವರಿಗೆ ‘ಕರಡಿಯ ಪಂಜ’ವಾದ ಬ್ಲಾಕು, ಕಡಲಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ‘ಕೆಸರಿನಲ್ಲಿ ಬಾತುಕೋಳಿ ಹೆಜ್ಜೆ’. ಅದೇ ಬ್ಲಾಕು ಫಿಲಡೆಲ್ಫಿಯಾದ ಕ್ವೇಕರ್ ಪಂಥದವರಿಗೆ ‘ಸ್ನೇಹದ ಹಸ್ತ’. ತ್ರಿಕೋನಗಳು ಅವೇ, ಹೊಲಿಗೆಯೂ ಅದೇ.

ಹೆಸರುಗಳು ಗಟ್ಟಿಯಾದದ್ದು ಅಚ್ಚಿನಲ್ಲಿ ಬಂದ ಮೇಲೆ. ಕ್ಯಾನ್ಸಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ 1961ರವರೆಗೆ ಓದುಗರಿಗೆ ಬ್ಲಾಕ್ ಮಾದರಿಗಳನ್ನು ಕೊಡುತ್ತಿತ್ತು. ಆಮೇಲೆ ಬಾರ್ಬರಾ ಬ್ರ್ಯಾಕ್‌ಮನ್ ಎಂಬ ಇತಿಹಾಸಕಾರ್ತಿ ಸಾವಿರಾರು ಬ್ಲಾಕುಗಳಿಗೆ ಸಂಖ್ಯೆ ಕೊಟ್ಟು ಜೋಡಿಸಿದರು. ಹೆಸರು ಎಷ್ಟಾದರೂ ಇರಲಿ, ಸಂಖ್ಯೆ ಒಂದೇ. ಹಾಗಾಗಿ ಯಾರಾದರೂ ಒಂದು ಬ್ಲಾಕಿನ ‘ಸರಿಯಾದ ಹೆಸರು’ ಇದೇ ಎಂದು ಜಗಳ ತೆಗೆದರೆ ತಲೆ ಕೆಡಿಸಿಕೊಳ್ಳಬೇಡಿ.

ಲಾಗ್ ಕ್ಯಾಬಿನ್ ಬ್ಲಾಕಿನ ನಡುವೆ ಕೆಂಪು ಚೌಕವೇ ಇರಬೇಕಾ?

ಬೇಕಿಲ್ಲ. ಲಾಗ್ ಕ್ಯಾಬಿನ್ ಅಂದರೆ ಮರದ ದಿಮ್ಮಿಗಳ ಗುಡಿಸಲು. ನಡುವಿನ ಚಿಕ್ಕ ಚೌಕದ ಸುತ್ತ ಒಂದಾದ ಮೇಲೊಂದು ಪಟ್ಟಿ ಹೊಲಿಯುತ್ತಾ ಹೋಗುತ್ತಾರೆ. ಎರಡು ಬದಿಗೆ ತಿಳಿ ಬಣ್ಣ, ಎರಡು ಬದಿಗೆ ಗಾಢ ಬಣ್ಣ. ನಡುವಿನ ಕೆಂಪು ಮನೆಯ ಒಲೆಯ ಬೆಂಕಿ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಕೇಳಲು ಹಿತವಾಗಿದೆ, ನಾನೂ ಹಲವು ಸಲ ಕೆಂಪನ್ನೇ ಇಟ್ಟಿದ್ದೇನೆ. ಆದರೆ ಹಳೇ ಕ್ವಿಲ್ಟುಗಳಲ್ಲಿ ಎಲ್ಲ ಬಣ್ಣದ ನಡುಚೌಕಗಳೂ ಇವೆ. ಅಮೆರಿಕದಲ್ಲಿ ಈ ಬ್ಲಾಕು ಜೋರಾಗಿ ಹಬ್ಬಿದ್ದು 1860ರ ದಶಕದಲ್ಲಿ. ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದ ಲಿಂಕನ್ ಅಧ್ಯಕ್ಷರಾದ ಕಾಲ ಅದು.

ಈ ಬ್ಲಾಕಿನ ಸೊಗಸು ಇರುವುದು ಜೋಡಣೆಯಲ್ಲಿ. ಕರ್ಣಕ್ಕೆ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಬ್ಲಾಕುಗಳನ್ನು ತಿರುಗಿಸಿ ಇಟ್ಟಂತೆಲ್ಲ ಒಮ್ಮೆ ಉಳುಮೆಯ ಸಾಲು, ಒಮ್ಮೆ ನಡುವಿನಿಂದ ಹರಡುವ ದೊಡ್ಡ ವಜ್ರಾಕಾರ. ಹದಿನಾರು ಬ್ಲಾಕ್ ಹೊಲಿದು ನೆಲದ ಮೇಲೆ ಹರಡಿ, ಒಂದು ಸಂಜೆ ಪೂರ್ತಿ ಸುಮ್ನೆ ತಿರುಗಿಸಿ ನೋಡಿ. ಆ ಸಂಜೆಗಾಗಿಯೇ ನಾನು ಈ ಬ್ಲಾಕನ್ನು ಮತ್ತೆ ಮತ್ತೆ ಹೊಲಿಯುತ್ತೇನೆ.

ಗುಲಾಮರು ತಪ್ಪಿಸಿಕೊಳ್ಳಲು ಕ್ವಿಲ್ಟುಗಳಲ್ಲಿ ಗುಪ್ತ ಸಂಕೇತ ಇತ್ತಂತೆ, ನಿಜವಾ?

ಅದಕ್ಕೆ ಪುರಾವೆ ಇಲ್ಲ. ಈ ಕತೆ ಎಲ್ಲೆಡೆ ಹರಡಿದ್ದು 1999ರಲ್ಲಿ ಬಂದ ಒಂದು ಪುಸ್ತಕದಿಂದ. ಬೇಲಿಯ ಮೇಲೆ ಒಣಹಾಕಿದ ಕ್ವಿಲ್ಟಿನ ಬ್ಲಾಕು ನೋಡಿ ತಪ್ಪಿಸಿಕೊಳ್ಳುವವರು ದಾರಿ ತಿಳಿಯುತ್ತಿದ್ದರು ಎಂಬುದು ಅದರ ಸಾರ. ಅದಕ್ಕೆ ಆಧಾರ ಒಂದು ಕುಟುಂಬದಲ್ಲಿ ಹೇಳಿಕೊಂಡು ಬಂದ ಮಾತು. ತಪ್ಪಿಸಿಕೊಂಡವರ ಬರಹಗಳಲ್ಲಾಗಲಿ, ಅವರಿಗೆ ನೆರವಾದವರ ದಾಖಲೆಗಳಲ್ಲಾಗಲಿ ಇದಕ್ಕೆ ಬೆಂಬಲ ಸಿಗುವುದಿಲ್ಲ ಎಂದು ಕ್ವಿಲ್ಟ್ ಇತಿಹಾಸಕಾರರು ತೋರಿಸಿದ್ದಾರೆ. ಸಂಕೇತದ ಪಟ್ಟಿಗೆ ಸೇರಿಸುವ ಡಬಲ್ ವೆಡ್ಡಿಂಗ್ ರಿಂಗ್ 20ನೇ ಶತಮಾನದಲ್ಲಿ ಹೆಸರಾದ ಬ್ಲಾಕು. ಗುಲಾಮಗಿರಿ ಕಾನೂನಿನಿಂದ ಕೊನೆಯಾದದ್ದು 1865ರಲ್ಲಿ.

ಇದನ್ನು ಹೇಳಿದಾಗ ಕೆಲವರಿಗೆ ಬೇಸರವಾಗುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ದಾಖಲೆ ಇರುವ ಬದುಕುಗಳೇ ಇನ್ನೂ ದೊಡ್ಡವು. ಹ್ಯಾರಿಯೆಟ್ ಪವರ್ಸ್ ಎಂಬವರು 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದವರು. ಬಿಡುಗಡೆಯಾದ ಮೇಲೆ ಬೈಬಲಿನ ಕತೆಗಳನ್ನು ಹನ್ನೊಂದು ಚೌಕಗಳಲ್ಲಿ ಹೊಲಿದರು. ತೀರಾ ಕಷ್ಟ ಬಂದಾಗ ಅದನ್ನು ಐದು ಡಾಲರಿಗೆ ಮಾರಬೇಕಾಯಿತು. ಕೊಡುವಾಗ ಒಂದೊಂದು ಚೌಕದ ಅರ್ಥವನ್ನೂ ಕೊಂಡವರಿಗೆ ವಿವರಿಸಿದರು, ಅವರು ಬರೆದಿಟ್ಟುಕೊಂಡರು. ಹಾಗಾಗಿ ಆ ಮಾತು ಉಳಿದಿದೆ. ಕ್ವಿಲ್ಟ್ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನ ಸಂಗ್ರಹದಲ್ಲಿದೆ, ಅವರ ಇನ್ನೊಂದು ಬಾಸ್ಟನ್ನಿನ ಮ್ಯೂಸಿಯಂನಲ್ಲಿದೆ. ಯಾರಾದರೂ ಗುಪ್ತ ಸಂಕೇತದ ಬಗ್ಗೆ ಕೇಳಿದರೆ ನಾನು ಹ್ಯಾರಿಯೆಟ್ ಪವರ್ಸ್ ಹೆಸರು ಹೇಳುತ್ತೇನೆ.

ಮಾಡರ್ನ್ ಕ್ವಿಲ್ಟ್ ಅಂದರೆ ಏನು? ಬೂದು ಬಣ್ಣ ಹಾಕಿದರೆ ಮಾಡರ್ನ್ ಆಗುತ್ತದಾ?

ಬಣ್ಣದಿಂದ ಮಾತ್ರ ಆಗುವುದಿಲ್ಲ. ಅಚ್ಚಿಲ್ಲದ ಬಟ್ಟೆ, ಎದ್ದು ಕಾಣುವ ಬಣ್ಣ, ಜಾಸ್ತಿ ಖಾಲಿ ಜಾಗ, ಸಾಲು ತಪ್ಪಿಸಿದ ಜೋಡಣೆ, ಅಳತೆ ಇಲ್ಲದೆ ಕತ್ತರಿಸುವ ಧೈರ್ಯ, ಇವೆಲ್ಲ ಅದರ ಗುರುತುಗಳು. ಈ ಹೆಸರಿನಲ್ಲಿ ಜನ ಒಟ್ಟು ಸೇರಿದ್ದು ಇತ್ತೀಚೆಗೆ. ಮಾಡರ್ನ್ ಕ್ವಿಲ್ಟ್ ಗಿಲ್ಡ್ ಎಂಬ ಸಂಘ 2009ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾಯಿತು, ಅವರ ಕ್ವಿಲ್ಟ್‌ಕಾನ್ ಸಮ್ಮೇಳನ ಮೊದಲ ಸಲ ನಡೆದದ್ದು 2013ರಲ್ಲಿ ಆಸ್ಟಿನ್‌ನಲ್ಲಿ. ಹಳೇ ಬ್ಲಾಕನ್ನು ಹೊಸ ಕಣ್ಣಿನಿಂದ ನೋಡುವ ಬಗೆಗೆ ಅವರಲ್ಲಿ ಮಾಡರ್ನ್ ಟ್ರೆಡಿಷನಲಿಸಂ ಎಂದೇ ಹೆಸರಿದೆ.

ಆದರೆ ‘ಹೊಸದು’ ಎಂದು ನಾವು ಹೇಳುವ ಎಷ್ಟೋ ಸಂಗತಿ ಹಳೆಯದೇ. ಪೆನ್ಸಿಲ್ವೇನಿಯಾದಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಥದ ಹೆಂಗಸರು ಅಚ್ಚಿಲ್ಲದ ಗಾಢ ಬಟ್ಟೆಯಲ್ಲಿ, ಇಡೀ ಹೊದಿಕೆಗೆ ಒಂದೇ ವಜ್ರಾಕಾರ ಇಟ್ಟು ನೂರು ವರ್ಷದ ಹಿಂದೆಯೇ ಹೊಲಿದಿದ್ದರು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೇ ಕ್ವಿಲ್ಟುಗಳನ್ನು ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿತು. ಹಾಸಿಗೆಯ ಮೇಲಿದ್ದಾಗ ಕಾಣದ್ದು ಗೋಡೆಯ ಮೇಲೆ ಕಂಡಿತು.

ಹಳೇ ಬ್ಲಾಕನ್ನು ಹೊಸದು ಮಾಡುವುದು ಹೇಗೆ?

ಒಂದು ಸಲಕ್ಕೆ ಒಂದೇ ಸಂಗತಿ ಬದಲಾಯಿಸಿ. ಗಾತ್ರ, ಬಣ್ಣ, ಜಾಗ, ಜೋಡಣೆ, ಇವುಗಳಲ್ಲಿ ಯಾವುದಾದರೂ ಒಂದು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಬ್ಲಾಕೇ ಕಳೆದುಹೋಗುತ್ತದೆ. ನೋಡಿದವರಿಗೆ ‘ಅರೆ, ಇದು ಅದೇ ಅಲ್ವಾ’ ಎಂದು ಅನ್ನಿಸಬೇಕು.

ಚರ್ನ್ ಡ್ಯಾಶ್ ತೆಗೆದುಕೊಳ್ಳೋಣ. ಬೆಣ್ಣೆ ತೆಗೆಯುವ ಕಡಗೋಲಿನ ಹೆಸರು ಅದು. ಮೂರಕ್ಕೆ ಮೂರರ ಚೌಕಳಿ. ನಡುವೆ ಒಂದು ಚೌಕ, ನಾಲ್ಕು ಮೂಲೆಯಲ್ಲಿ ಎರಡು ಬಣ್ಣದ ತ್ರಿಕೋನ ಸೇರಿದ ಚೌಕಗಳು, ನಾಲ್ಕು ಬದಿಯಲ್ಲಿ ಎರಡೆರಡು ಪಟ್ಟಿ. ಹೊಲಿದಾದ ಮೇಲೆ 12 ಇಂಚು ಬರಬೇಕಾದರೆ ಪ್ರತಿ ಮನೆ 4 ಇಂಚು. ಹೊಲಿಗೆಗೆಂದು ಬಿಡುವ ಕಾಲು ಇಂಚು ಮಾರ್ಜಿನ್ ಸುತ್ತ ಸೇರಿಸಿ ನಡುಚೌಕವನ್ನು 4½ ಇಂಚಿಗೆ ಕತ್ತರಿಸಿ. ಪಟ್ಟಿಗಳು 2½ಕ್ಕೆ 4½, ಗಾಢ ನಾಲ್ಕು, ತಿಳಿ ನಾಲ್ಕು. ಮೂಲೆಗೆ 4⅞ ಇಂಚಿನ ಚೌಕ, ಗಾಢ ಎರಡು, ತಿಳಿ ಎರಡು. ಒಂದು ಗಾಢ, ಒಂದು ತಿಳಿ ಚೌಕವನ್ನು ಮುಖಕ್ಕೆ ಮುಖ ಇಟ್ಟು ಕರ್ಣಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಯಿರಿ. ಆಮೇಲೆ ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಎರಡು ಮೂಲೆ ಸಿದ್ಧ.

ಈಗ ಗಾತ್ರ ಒಂದನ್ನೇ ಬದಲಾಯಿಸಿ. ಇಡೀ ಕ್ವಿಲ್ಟಿಗೆ ಒಂದೇ ಚರ್ನ್ ಡ್ಯಾಶ್. ನಾನು ಮೊದಲು 60 ಇಂಚಿನದಕ್ಕೆ ಕೈ ಹಾಕಿದೆ. ಮೂಲೆಯ ಚೌಕ 20⅞ ಇಂಚು, ಎರಡು ಪಕ್ಕ ಪಕ್ಕ ಇಟ್ಟರೆ 41¾. ನನ್ನ ಹತ್ತಿರ ಇದ್ದ ಬಟ್ಟೆಯ ಅಗಲ, ಎರಡು ಕಡೆಯ ದಡೆ ತೆಗೆದ ಮೇಲೆ, 41½ ಇಂಚು ಉಳಿಯಿತು. ಕಾಲು ಇಂಚಿಗೆ ಕೆಲಸ ನಿಂತಿತು. 54 ಇಂಚಿಗೆ ಇಳಿಸಿದೆ. ಮನೆಗೆ 18 ಇಂಚು, ಮೂಲೆಗೆ 18⅞, ಎರಡಕ್ಕೆ 37¾. ಆರಾಮಾಗಿ ಹಿಡಿಸಿತು. ಪಟ್ಟಿಗಳು 9½ಕ್ಕೆ 18½. ಸುತ್ತ ಸಮವಾಗಿ ಅಂಚು ಕಟ್ಟುವ ಬದಲು ಮೇಲೆ, ಎಡಕ್ಕೆ 6 ಇಂಚು, ಕೆಳಗೆ, ಬಲಕ್ಕೆ 12 ಇಂಚು ಹಿನ್ನೆಲೆಯ ಬಟ್ಟೆಯನ್ನೇ ಸೇರಿಸಿದೆ. ಒಟ್ಟು 72 ಇಂಚಿನ ಚೌಕ. ಕಡಗೋಲು ಒಂದು ಮೂಲೆಗೆ ಸರಿದು ನಿಂತಿದೆ. ಬ್ಲಾಕಿನಲ್ಲಿ ಮಾತ್ರ ಹಳೇದರ ಹಾಗೇ ಹದಿನೇಳು ತುಂಡುಗಳು, ಒಂದೂ ಹೆಚ್ಚಿಲ್ಲ.

ಬಣ್ಣ ಬದಲಾಯಿಸುವುದಾದರೆ ನಾಲ್ಕು ಮೂಲೆಯಲ್ಲಿ ಒಂದನ್ನು ಹಿನ್ನೆಲೆಯ ಬಣ್ಣದಲ್ಲೇ ಹೊಲಿಯಿರಿ. ಅಲ್ಲಿ ಆಕಾರ ಕರಗಿ ಹೋಗುತ್ತದೆ, ಕಣ್ಣು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಇದು ನನಗೆ ಎಲ್ಲಕ್ಕಿಂತ ಇಷ್ಟದ ಬದಲಾವಣೆ.

ಅಳತೆಯೇ ಇಲ್ಲದೆ ಹೊಲಿಯುತ್ತಾರಲ್ಲ, ಅದು ಹೇಗೆ?

ಅದಕ್ಕೆ ಇಂಪ್ರೊವ್ ಎನ್ನುತ್ತಾರೆ, ಇಂಪ್ರೊವೈಸೇಷನ್ ಎಂಬುದರ ಚಿಕ್ಕ ರೂಪ. ಸ್ಕೇಲ್ ಬದಿಗಿಟ್ಟು, ಕೈಯಲ್ಲಿರುವ ತುಂಡು ಏನು ಕೇಳುತ್ತದೋ ಅದನ್ನು ಪಕ್ಕಕ್ಕೆ ಹೊಲಿಯುವುದು. ಇದನ್ನು ಕಲಿಯಬೇಕಾದರೆ ಅಲಬಾಮಾದ ಜೀಸ್ ಬೆಂಡ್ ಹೆಂಗಸರ ಕ್ವಿಲ್ಟುಗಳನ್ನು ನೋಡಿ. ಅಲಬಾಮಾ ನದಿಯ ತಿರುವಿನಲ್ಲಿರುವ ಚಿಕ್ಕ ಊರು. ಅಲ್ಲಿನ ಹೆಚ್ಚಿನವರು ಅದೇ ನೆಲದ ಪ್ಲಾಂಟೇಷನ್ನಿನಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು. ಚಳಿಗೆ ಹೊದೆಯಲು ಹೊಲಿದರು. ಮೊಣಕಾಲು ಹರಿದ ಕೆಲಸದ ಪ್ಯಾಂಟು, ಮಾಸಿದ ಅಂಗಿ, ಸಿಕ್ಕಿದ್ದೆಲ್ಲ ಬಟ್ಟೆಯೇ. ಲಾಗ್ ಕ್ಯಾಬಿನ್‌ಗೆ ಹತ್ತಿರದ ಚೌಕದೊಳಗೆ ಚೌಕದ ಮಾದರಿಗೆ ಅವರು ‘ಹೌಸ್‌ಟಾಪ್’ ಎನ್ನುತ್ತಾರೆ. ಗೆರೆ ವಾಲುತ್ತದೆ, ಪಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಆದರೂ ಒಟ್ಟು ನೋಡಿದರೆ ಒಂದು ತುಂಡನ್ನೂ ಸರಿಸುವ ಹಾಗಿಲ್ಲ.

1966ರಲ್ಲಿ ಅಲ್ಲಿನ ಮತ್ತು ಸುತ್ತಲಿನ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಸೀಯರ್ಸ್ ಎಂಬ ದೊಡ್ಡ ಅಂಗಡಿ ಕಂಪನಿಗೆ ಕಾರ್ಡುರಾಯ್ ದಿಂಬಿನ ಕವರ್ ಹೊಲಿದು ಕೊಡುವ ಕೆಲಸ ಬಂದಾಗ, ಉಳಿದ ಕಾರ್ಡುರಾಯ್ ಚೂರುಗಳು ಅವರ ಕ್ವಿಲ್ಟುಗಳಿಗೆ ಬಂದವು. 2002ರಲ್ಲಿ ಹ್ಯೂಸ್ಟನ್ ಮ್ಯೂಸಿಯಂನಲ್ಲಿ ಈ ಕ್ವಿಲ್ಟುಗಳ ಪ್ರದರ್ಶನ ಶುರುವಾಯಿತು, 2006ರಲ್ಲಿ ಅವು ಅಂಚೆಚೀಟಿಗಳಲ್ಲೂ ಬಂದವು.

ಸುಮ್ನೆ ಸೊಟ್ಟ ಕತ್ತರಿಸಿದರೆ ಇಂಪ್ರೊವ್ ಆಗುವುದಿಲ್ಲ ಎಂಬುದನ್ನು ಇವರ ಕೆಲಸ ನೋಡಿಯೇ ತಿಳಿದದ್ದು. ಪ್ರತಿ ಪಟ್ಟಿ ಸೇರಿಸಿದ ಮೇಲೆ ಒಂದು ಕ್ಷಣ ನಿಂತು ನೋಡಬೇಕು. ಭಾರ ಒಂದು ಕಡೆಗೆ ಜಾಸ್ತಿಯಾಯಿತಾ? ಹಾಗಿದ್ದರೆ ಮುಂದಿನ ಪಟ್ಟಿ ಇನ್ನೊಂದು ಕಡೆಗೆ.

ಮೊದಲ ಸಲಕ್ಕೆ ಯಾವ ಬ್ಲಾಕ್ ಒಳ್ಳೆಯದು?

ನೈನ್ ಪ್ಯಾಚ್. ಬರೀ ಚೌಕಗಳು, ತ್ರಿಕೋನದ ಚೂಪು ಇಲ್ಲ. ಆಮೇಲೆ ಚರ್ನ್ ಡ್ಯಾಶ್, ಆಮೇಲೆ ನಕ್ಷತ್ರದಾಕಾರದ ಒಹಾಯೊ ಸ್ಟಾರ್. ‘ಕುಡುಕನ ಹಾದಿ’ ಎಂಬ ಬಾಗಿದ ಗೆರೆಯ ಬ್ಲಾಕು ನೋಡಿದ ಕೂಡಲೇ ಆಸೆಯಾಗುತ್ತದೆ. ಸ್ವಲ್ಪ ತಡೆಯಿರಿ, ಬಾಗಿದ ಹೊಲಿಗೆಗೆ ಕೈ ಪಳಗಬೇಕು.

ಸಾಮಾನು ಏನೇನು ಬೇಕು?

ಹೊಲಿಗೆ ಮಷಿನ್ ಅಥವಾ ಸೂಜಿ, ಹತ್ತಿ ದಾರ, ಗುಂಡುಸೂಜಿ, ಇಸ್ತ್ರಿ ಪೆಟ್ಟಿಗೆ. ಜೊತೆಗೆ ರೋಟರಿ ಕಟರ್, ಅದಕ್ಕೆ ತಕ್ಕ ಮ್ಯಾಟ್, ಪಾರದರ್ಶಕ ಸ್ಕೇಲ್. ಚಕ್ರದಂಥ ಅಲಗಿನ ಈ ಕಟರನ್ನು ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದಿತು. ಅದಕ್ಕಿಂತ ಮುಂಚೆ ರಟ್ಟಿನ ಅಚ್ಚು ಇಟ್ಟು ಒಂದೊಂದೇ ತುಂಡು ಗೆರೆ ಎಳೆದು ಕತ್ತರಿಸುತ್ತಿದ್ದರು. ಅಲಗು ಬಹಳ ಹರಿತ. ಕೈಯಿಂದ ಇಟ್ಟ ತಕ್ಷಣ ಮುಚ್ಚಿ.

ನನ್ನ ಮೂಲೆಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಯಾಕೆ?

ನೂರಕ್ಕೆ ತೊಂಬತ್ತು ಸಲ ಕಾರಣ ಆ ಕಾಲು ಇಂಚು. ನನ್ನ ಮೊದಲ ಕ್ವಿಲ್ಟಿನಲ್ಲಿ ಒಂಬತ್ತು ಚೌಕದ ಸಾಲೊಂದು ಪಕ್ಕದ ಸಾಲಿಗಿಂತ ಸರಿಯಾಗಿ ಒಂದು ಇಂಚು ಕಡಿಮೆ ಬಂತು. ಬಟ್ಟೆ ಕುಗ್ಗಿತು ಎಂದುಕೊಂಡೆ. ಆಮೇಲೆ ಅಳೆದು ನೋಡಿದರೆ ಆ ಸಾಲಿನ ಹೊಲಿಗೆಗಳು ಇಂಚಿನ ಹದಿನಾರನೇ ಒಂದರಷ್ಟು ಒಳಗೆ ಬಿದ್ದಿದ್ದವು. ಒಂದು ಹೊಲಿಗೆ ಎರಡು ತುಂಡನ್ನೂ ತಿನ್ನುತ್ತದೆ. ಎಂಟು ಹೊಲಿಗೆಗೆ ಲೆಕ್ಕ ಹಾಕಿ, ಸರಿಯಾಗಿ ಒಂದು ಇಂಚು.

ಪರೀಕ್ಷೆ ಸುಲಭ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಪಕ್ಕ ಪಕ್ಕ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಇರಬೇಕು. ಕಡಿಮೆ ಬಂದರೆ ಹೊಲಿಗೆಯನ್ನು ಒಂದು ದಾರದಷ್ಟು ಅಂಚಿನ ಕಡೆಗೆ ಸರಿಸಿ. ಇಸ್ತ್ರಿಯನ್ನು ಎಳೆಯಬೇಡಿ, ಎತ್ತಿ ಇಡಿ. ತ್ರಿಕೋನದ ಓರೆ ಅಂಚು ಎಳೆದರೆ ಹಿಗ್ಗಿಬಿಡುತ್ತದೆ. ಒಂದು ಸಾಲಿನ ಮಾರ್ಜಿನ್ ಬಲಕ್ಕೆ, ಮುಂದಿನ ಸಾಲಿನದು ಎಡಕ್ಕೆ ಮಡಚಿ. ಎರಡು ಸಾಲು ಸೇರುವಾಗ ಹೊಲಿಗೆಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ, ಬೆರಳಿಗೇ ಗೊತ್ತಾಗುತ್ತದೆ.

ಬಣ್ಣ ಆರಿಸಲು ಭಯ. ಏನು ಮಾಡಲಿ?

ಬಣ್ಣಕ್ಕಿಂತ ಮೊದಲು ಬೆಳಕು ನೆರಳು ನೋಡಿ. ಬಟ್ಟೆಗಳನ್ನು ಪಕ್ಕ ಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಕೆಂಪು, ಹಸಿರು ಬರಿಗಣ್ಣಿಗೆ ಬೇರೆ ಬೇರೆ ಕಂಡರೂ ಫೋಟೋದಲ್ಲಿ ಒಂದೇ ಬೂದು ಬಣ್ಣವಾದರೆ ನಿಮ್ಮ ನಕ್ಷತ್ರ ದೂರದಿಂದ ಕಾಣುವುದಿಲ್ಲ. ಗಾಢ, ನಡುವಿನದು, ತಿಳಿ, ಈ ಮೂರು ಬೇರೆಯಾಗಿ ಕಂಡರೆ ಸಾಕು. ಆಮೇಲೆ ಯಾವ ಬಣ್ಣವನ್ನಾದರೂ ಧೈರ್ಯವಾಗಿ ಹಾಕಿ.

ಹಳೇ ಬಟ್ಟೆ ಬಳಸಬಹುದಾ?

ಖಂಡಿತ. 1930ರ ಕಷ್ಟಕಾಲದಲ್ಲಿ ಹಿಟ್ಟು, ದನದ ಮೇವು ತುಂಬಿ ಬರುತ್ತಿದ್ದ ಹತ್ತಿ ಚೀಲಗಳನ್ನೇ ಅಮೆರಿಕದ ರೈತ ಹೆಂಗಸರು ಬಿಚ್ಚಿ ಬಳಸುತ್ತಿದ್ದರು. ಕೊನೆಗೆ ಚೀಲ ಮಾಡುವವರೇ ಅದರ ಮೇಲೆ ಹೂವಿನ ಅಚ್ಚು ಹಾಕಲು ಶುರು ಮಾಡಿದರು. ಹಳೇ ಬಟ್ಟೆ ಕತ್ತರಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ತೆಳುವಾದ ಕಡೆ ಬಿಡಿ. ಹಿಗ್ಗುವ ಬನಿಯನ್ ಬಟ್ಟೆಯನ್ನು ಹಿಗ್ಗದ ಬಟ್ಟೆಯ ಜೊತೆ ಸೇರಿಸಬೇಡಿ.

ಕೈಯಲ್ಲಿ ಕ್ವಿಲ್ಟಿಂಗ್ ಮಾಡಿದರೆ ಮಾತ್ರ ನಿಜವಾದದ್ದಾ?

ಹೊಲಿಗೆ ಮಷಿನ್ ಮನೆಗಳಿಗೆ ಬಂದದ್ದು 1850ರ ದಶಕದಿಂದ. ಆಗಿನಿಂದಲೇ ಅದರಲ್ಲಿ ಕ್ವಿಲ್ಟ್ ಹೊಲಿದಿದ್ದಾರೆ. ನಿಮ್ಮ ಕೈಗೆ ಯಾವುದು ಒಗ್ಗುತ್ತದೋ ಅದು. ದೊಡ್ಡ ಖಾಲಿ ಜಾಗವಿರುವ ಮಾಡರ್ನ್ ಕ್ವಿಲ್ಟಿಗೆ ಒತ್ತಾದ ನೇರ ಗೆರೆಗಳು ಚೆನ್ನಾಗಿ ಹೊಂದುತ್ತವೆ.

ಹಳೇ ಬ್ಲಾಕ್ ಬಳಸಲು ಯಾರನ್ನಾದರೂ ಕೇಳಬೇಕಾ?

ಚರ್ನ್ ಡ್ಯಾಶ್, ಲಾಗ್ ಕ್ಯಾಬಿನ್‌ನಂಥವು ಎಲ್ಲರವು. ಈಗಿನ ವಿನ್ಯಾಸಕಾರರು ಬರೆದ ಮಾದರಿ ಅವರದು, ಅದರ ಪ್ರತಿ ಮಾಡಿ ಹಂಚಬೇಡಿ. ಇನ್ನು ಕೆಲವು ಕ್ವಿಲ್ಟುಗಳಿಗೆ ಒಂದು ಸಮುದಾಯದ ಬದುಕು ಅಂಟಿಕೊಂಡಿರುತ್ತದೆ. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರು ಎಂಟು ಮೂಲೆಯ ದೊಡ್ಡ ನಕ್ಷತ್ರದ ಕ್ವಿಲ್ಟನ್ನು ಗೌರವಿಸಬೇಕಾದವರಿಗೆ ಕೊಡುತ್ತಾರೆ, ಸಾವು, ಹುಟ್ಟಿನ ಹೊತ್ತಿನಲ್ಲೂ ಕೊಡುತ್ತಾರೆ. ಅದು ಅವರಿಗೆ ಬೆಳ್ಳಿಚುಕ್ಕಿ. ನಕ್ಷತ್ರ ಹೊಲಿಯಬಾರದು ಎಂದಲ್ಲ. ಯಾರ ಕೆಲಸ ನೋಡಿ ಕಲಿತೆವೋ ಅವರ ಹೆಸರು ಹೇಳಬೇಕು.

ತುಂಬಾ ಹಳೆಯ ಕ್ವಿಲ್ಟ್ ಸಿಕ್ಕಿದೆ. ಒಗೆಯಲಾ?

ಬೇಡ. 19ನೇ ಶತಮಾನದ ಕಂದು, ಕಪ್ಪು ಬಣ್ಣಗಳಿಗೆ ಕಬ್ಬಿಣದ ಉಪ್ಪು ಬಳಸುತ್ತಿದ್ದರು. ಅದು ಬಟ್ಟೆಯನ್ನೇ ತಿಂದಿರುತ್ತದೆ, ನೀರು ಬಿದ್ದರೆ ಪುಡಿಯಾಗಬಹುದು. ಬಿಸಿಲಿಗೆ ಇಡಬೇಡಿ, ಆಗಾಗ ಬೇರೆ ಕಡೆ ಮಡಿಕೆ ಬೀಳುವಂತೆ ಮಡಚಿಡಿ. ಮ್ಯೂಸಿಯಂನಲ್ಲಿ ಬಟ್ಟೆ ನೋಡಿಕೊಳ್ಳುವವರಿಗೆ ತೋರಿಸಿ.

ಹಿಂದೆ ಹೆಸರು ಬರೆಯಲೇಬೇಕಾ? ಮನೆಯವರಿಗಷ್ಟೇ ಹೊಲಿದದ್ದು.

ದಯವಿಟ್ಟು ಬರೆಯಿರಿ. 1933ರ ಚಿಕಾಗೋ ವಿಶ್ವಮೇಳದ ಹೊತ್ತಿಗೆ ಸೀಯರ್ಸ್ ನಡೆಸಿದ ಸ್ಪರ್ಧೆಗೆ ಸುಮಾರು 24,000 ಕ್ವಿಲ್ಟುಗಳು ಬಂದಿದ್ದವು. ಮೊದಲ ಬಹುಮಾನದ ಕ್ವಿಲ್ಟ್ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅವರಿಗೆ ಹೋಯಿತು. ಅದನ್ನು ಹೊಲಿದದ್ದು ಬಹುಮಾನ ಪಡೆದಾಕೆ ಅಲ್ಲ, ಕೂಲಿಗೆ ಹೊಲಿದುಕೊಟ್ಟ ಬೇರೆ ಹೆಂಗಸರು ಎಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಮ್ಯೂಸಿಯಂಗಳಲ್ಲಿ ಅದ್ಭುತವಾದ ಕ್ವಿಲ್ಟಿನ ಕೆಳಗೆ ‘ಹೊಲಿದವರು ತಿಳಿದಿಲ್ಲ’ ಎಂಬ ಚೀಟಿ ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಅಸ್ತರಿನ ಕೆಳಮೂಲೆಗೆ ಒಂದು ಅಂಗೈಯಷ್ಟು ಬಿಳಿ ಬಟ್ಟೆ ಹೊಲಿಯಿರಿ. ಬಣ್ಣ ಬಿಡದ ಬಟ್ಟೆ ಪೆನ್ನಿನಲ್ಲಿ ಬರೆಯಿರಿ. ಬ್ಲಾಕಿನ ಹೆಸರು, ಯಾರಿಂದ ಕಲಿತಿರಿ, ತುಂಡು ಜೋಡಿಸಿದವರು ಯಾರು, ಕ್ವಿಲ್ಟಿಂಗ್ ಮಾಡಿದವರು ಯಾರು, ಯಾರಿಗಾಗಿ, ಯಾವ ಊರು, ಯಾವ ಇಸವಿ. ಬರೆದ ಮೇಲೆ ಇಸ್ತ್ರಿ ಮಾಡಿದರೆ ಶಾಯಿ ಕೂರುತ್ತದೆ.